ಪಾಲಮ್ಮನ ಎಡಗೈ

ಹೆಂಗಸರ ವಯಸ್ಸನ್ನು ಜನ ಮುಖ ನೋಡಿ ಹೇಳುತ್ತಾರೆ, ಹೇಳಿ ಬೈಸಿಕೊಳ್ಳುತ್ತಾರೆ. ನನಗೆ ಕೈ ಹಿಡಿದರೆ ಸಾಕು, ಗೊತ್ತಾಗಿಬಿಡುತ್ತದೆ. ಆದರೆ ನಾನು ಬಾಯಿ ಬಿಡುವುದಿಲ್ಲ. ನಮ್ಮದು ಕೊಟ್ಟೂರಿನ ಬಳೆಗಾರರ ಮನೆ, ನನ್ನ ಹೆಸರು ಕೊಟ್ರಸ್ವಾಮಿ. ಮೀಸೆ ಮೂಡುವ ಮೊದಲೇ ಬಳೆಗಳನ್ನು ಪೋಣಿಸಿದ ಮಲಾರ ಹೊತ್ತುಕೊಂಡು ಅಪ್ಪನ ಹಿಂದೆ ಊರೂರು ತಿರುಗಿದವನು. ಆಗ ಮಲಾರ ಹೆಗಲ ಮೇಲಿತ್ತು, ಈಗ ಟಿವಿಎಸ್ ಗಾಡಿಯ ಹಿಂದಿನ ಸೀಟಿನ ಮೇಲಿದೆ, ಅಷ್ಟೇ ವ್ಯತ್ಯಾಸ. ಬಸ್ ಸ್ಟ್ಯಾಂಡಿನ ಫ್ಯಾನ್ಸಿ ಸ್ಟೋರಿನಲ್ಲಿ ಬಳೆ ಕೊಂಡು ತಾವೇ ತುರುಕಿಕೊಳ್ಳುವ ಹುಡುಗಿಯರ ಬಗ್ಗೆ ನನಗೆ ಹೇಳುವುದು ಬಹಳ ಇದೆ. ಹೇಳಲು ಹೊರಟರೆ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ. ಅದನ್ನು ಬಿಡೋಣ.

ಕಾನಹೊಸಹಳ್ಳಿ ದಾಟಿ, ಹೆದ್ದಾರಿ ಬಿಟ್ಟು, ಜಾಲಿಗಿಡಗಳ ನಡುವಿನ ದಾರಿ ಹಿಡಿದರೆ ಒಂದು ಸಣ್ಣ ಹಟ್ಟಿ ಸಿಗುತ್ತದೆ. ಎಲ್ಲರೂ ಕುರಿ ಸಾಕುವವರು, ಮಳೆಯಾದರೆ ಜೋಳ, ಶೇಂಗಾ ಬಿತ್ತುವವರು. ಪಾಲಮ್ಮ ಆ ಹಟ್ಟಿಗೆ ಚೌಡಣ್ಣ ಎಂಬ ಕುರಿಗಾರನ ಹೆಂಡತಿಯಾಗಿ ಬಂದವಳು. ಅವಳಿಗೆ ಮದುವೆಯ ಬಳೆ ಇಡಿಸಿದ್ದು ನಮ್ಮಪ್ಪ. ಪಕ್ಕದಲ್ಲಿ ಸೋಪಿನ ನೀರಿನ ಬಟ್ಟಲು ಹಿಡಿದು ಕೂತವನು ನಾನು. ಆಮೇಲೆ ಅಪ್ಪ ಹೋದ, ಹಟ್ಟಿಯ ಕೈಗಳೆಲ್ಲ ನನ್ನ ಪಾಲಿಗೆ ಬಂದವು. ಪಾಲಮ್ಮನ ಕೈ ಆಗ ಗಟ್ಟಿ, ತುಂಬಿದ ಕೈ. ಎರಡು ನಾಲ್ಕರ ಅಳತೆಯ ಬಳೆ ಏರಿಸಬೇಕಾದರೆ ನನ್ನ ಹೆಬ್ಬೆರಳು ನೋಯುತ್ತಿತ್ತು, ಅವಳು ನಗುತ್ತಿದ್ದಳು.

ಮದುವೆಯಾಗಿ ಕೆಲವು ವರ್ಷಕ್ಕೆ ಚೌಡಣ್ಣ ಕುರಿ ಹೊಡೆದುಕೊಂಡು ರಾಯದುರ್ಗದ ಕಡೆ ಹೋದ. ಮೇವು ಮುಗಿದ ಮೇಲೆ ಜೊತೆಯವರು ಬಂದರು, ಕುರಿಗಳು ಬಂದವು, ಅವನು ಬರಲಿಲ್ಲ. ಅಲ್ಲಿ ಒಬ್ಬಳನ್ನು ಕಟ್ಟಿಕೊಂಡಿದ್ದಾನೆ ಎಂದರು. ಒಬ್ಬ ಹಾಗೆ ಹೇಳಿದ, ಇನ್ನೊಬ್ಬ ಹೀಗೆ ಹೇಳಿದ, ಪಾಲಮ್ಮ ಏನನ್ನೂ ಕೇಳಲಿಲ್ಲ. ಮಕ್ಕಳಿರಲಿಲ್ಲ. ಮೈದುನನ ಮನೆಯ ಪಕ್ಕಕ್ಕೆ ಅಂಟಿಕೊಂಡ ಒಂದು ಕೋಣೆ, ಬಾಗಿಲಲ್ಲಿ ನಾಲ್ಕಾರು ಕುರಿ, ಅಷ್ಟರಲ್ಲೇ ಅವಳ ಬಾಳು ಸಾಗಿತು. ಗಂಡ ಸತ್ತ ಸುದ್ದಿ ಬಾರದ ಕಾರಣ ಕೈಯಲ್ಲಿ ಬಳೆ, ಹಣೆಯಲ್ಲಿ ಕುಂಕುಮ ಹಾಗೇ ಉಳಿದವು.

ನಮ್ಮ ಕಸುಬಿನ ರೀತಿಯನ್ನು ಇಲ್ಲಿ ಹೇಳಬೇಕು. ಮುತ್ತೈದೆಯ ಕೈಯನ್ನು ಒಂದು ಗಳಿಗೆಯೂ ಬರಿದು ಮಾಡುವಂತಿಲ್ಲ. ಹಳೆಯ ಬಳೆ ತೆಗೆಯುವಾಗ ಕೊನೆಯದೊಂದನ್ನು ಉಳಿಸಿ, ಹೊಸದೊಂದು ಏರಿದ ಮೇಲೆಯೇ ಅದನ್ನು ಇಳಿಸಬೇಕು. ಗಂಡ ತೀರಿದವಳ ಹೊಸ್ತಿಲಲ್ಲಿ ಬಳೆಗಾರ ಮಲಾರ ಇಳಿಸುವುದಿಲ್ಲ. ಆ ಮನೆಯಲ್ಲಿ ಅವನಿಗೆ ಕೆಲಸವೇ ಇಲ್ಲ. ಇಂಥ ಮನೆಗಳನ್ನು ದಾಟಿ ಹೋಗುವುದನ್ನು ಅಪ್ಪ ಕಲಿಸಿದ್ದ. ಯಾಕೆ ಎಂದು ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ.

ಬೇರೆ ಹೆಂಗಸರು ಹಬ್ಬಕ್ಕೋ ಮದುವೆಗೋ ಬಳೆ ಇಡಿಸಿಕೊಂಡರೆ, ಪಾಲಮ್ಮ ಒಂದು ತಿಂಗಳು ಬಿಟ್ಟು ಒಂದು ತಿಂಗಳು ಹೇಳಿ ಕಳಿಸುತ್ತಿದ್ದಳು. ಬಳೆ ಒಡೆದವು, ಬಾ ಎಂದು. ನಿನ್ನ ಕೈಯಲ್ಲಿ ಗಿರಣಿ ಇದೆಯೇನವ್ವ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಹೋದರೆ ಬೇಗ ಮುಗಿಸಲು ಬಿಡುತ್ತಿರಲಿಲ್ಲ. ನೋಯುತ್ತದೆ, ಮೆಲ್ಲಗೆ ಎನ್ನುವಳು. ಮುಂದಿನ ಊರಿಗೆ ಹೊತ್ತಾಯಿತೆಂದು ನನಗೆ ಸಿಟ್ಟು ಬರುತ್ತಿತ್ತು.

ಹೀಗೆ ಹಿಡಿಯುತ್ತ ಹಿಡಿಯುತ್ತ ಆ ಕೈ ನನ್ನ ಕೈಯಲ್ಲೇ ಮುದಿಯಾಯಿತು. ಮೊದಲು ಅಂಗೈ ಪಕ್ಕದ ಮಾಂಸ ಇಳಿಯಿತು. ಆಮೇಲೆ ಗೆಣ್ಣುಗಳು ದಪ್ಪಗಾದವು, ಮಣಿಕಟ್ಟು ಸಣ್ಣಗಾಯಿತು. ಬಳೆ ಗೆಣ್ಣು ದಾಟಿಸುವುದು ಕಷ್ಟ, ದಾಟಿದ ಮೇಲೆ ಮಣಿಕಟ್ಟಿನಲ್ಲಿ ಗಿರಗಿರ ತಿರುಗುವುದು. ಚರ್ಮ ಎಷ್ಟು ತೆಳ್ಳಗಾಯಿತೆಂದರೆ, ಹೆಬ್ಬೆರಳು ಒತ್ತಿ ಸರಿಸಿದರೆ ಒಳಗಿನ ಎಲುಬು ಅಲ್ಲೇ ಇರುತ್ತಿತ್ತು, ಚರ್ಮ ಮಾತ್ರ ನನ್ನ ಬೆರಳಿನ ಜೊತೆ ಬರುತ್ತಿತ್ತು. ಈರುಳ್ಳಿಯ ಮೇಲಿನ ಸಿಪ್ಪೆ ಹಾಗೆ ಸರಿಯುತ್ತದಲ್ಲ, ಹಾಗೆ. ಒತ್ತಿದ ಜಾಗದಲ್ಲಿ ನೇರಳೆ ಬಣ್ಣದ ಕಲೆ ಮೂಡಿ ವಾರಗಟ್ಟಲೆ ಇರುತ್ತಿತ್ತು. ನನಗೂ ಅರವತ್ತು ದಾಟಿದೆ, ನನ್ನ ಕೈಯ ಮೇಲೂ ಅಂಥ ಕಲೆಗಳಿವೆ. ಅದನ್ನು ಯಾರೂ ಹಿಡಿದು ನೋಡುವುದಿಲ್ಲ, ಬಿಡಿ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹಟ್ಟಿಗೆ ಹೋದಾಗ ಪಾಲಮ್ಮ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಲಗೈ ಮಾತ್ರ ಚಾಚಿದಳು. ಮೈದುನನ ಮಗ ಮೈಲಾರೇಶನ ಹೆಂಡತಿ ಚಂದನಾ ಬಾಗಿಲಲ್ಲೇ ನಿಂತಿದ್ದಳು. ಆ ಕೈ ತೋರಿಸು ಎಂದು ಗದರಿ, ತೋರಿಸುವಂತೆ ಮಾಡಿದ್ದು ಅವಳೇ. ಟಗರಿನ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದಾಗ ಅದು ಜಗ್ಗಿ, ಎರಡು ಬಳೆ ಒಡೆದು, ಗಾಜು ಮಣಿಕಟ್ಟಿನ ಚರ್ಮವನ್ನು ಸುಲಿದುಬಿಟ್ಟಿತ್ತು. ಅದು ಆದದ್ದು ದಸರೆಗೂ ಮೊದಲು. ಗಾಯಕ್ಕೆ ಅರಿಷಿಣ ತುಂಬಿ, ಕುರಿಗೆ ಹಚ್ಚುವ ನೀಲಿ ಔಷಧ ಸುರಿದು, ಮೇಲೆ ಬಟ್ಟೆ ಸುತ್ತಿದ್ದಳು. ಉಳಿದ ಬಳೆಗಳು ಆ ಬಟ್ಟೆಯ ಮೇಲೆಯೇ ಹಿಂದೆ ಮುಂದೆ ಓಡಾಡುತ್ತಿದ್ದವು. ಬಟ್ಟೆ ಬಿಚ್ಚಿದರೆ ಗಾಯ ನಿನ್ನೆ ಆದಂತೆ ಹಸಿಯಾಗಿತ್ತು, ವಾಸನೆಯೂ ಬರುತ್ತಿತ್ತು.

ಹಟ್ಟಿಯಲ್ಲಿ ಅದಕ್ಕೆ ಆಗಲೇ ಒಂದು ತೀರ್ಮಾನವಾಗಿತ್ತು. ಉಣ್ಣೆ ಕತ್ತರಿಸುವಾಗ ಕುರಿಗೆ ಕತ್ತರಿ ತಾಗುತ್ತದೆ, ಗಾಯ ವಾರ ಕಳೆಯುವುದರೊಳಗೆ ಮಾಯುತ್ತದೆ. ಅದೇ ಔಷಧ ಹಚ್ಚಿದ ಪಾಲಮ್ಮನಿಗೆ ಮಾಯುತ್ತಿಲ್ಲ. ಹಾಗಾದರೆ ತಪ್ಪು ಔಷಧದ್ದಲ್ಲ, ಪಾಲಮ್ಮನದು. ಮೈಲಾರಲಿಂಗನಿಗೆ ಹೊತ್ತ ಹರಕೆ ಯಾವುದೋ ಬಾಕಿ ಇದೆ ಎಂದರು ಕೆಲವರು. ನನಗೆ ರೇಗಿತು. ಮಲಾರವನ್ನು ಚಂದನಾಳ ಮನೆಯಲ್ಲಿಟ್ಟು, ಪಾಲಮ್ಮನನ್ನು ಟಿವಿಎಸ್ ಮೇಲೆ ಕೂರಿಸಿಕೊಂಡು ಕಾನಹೊಸಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೋದೆ.

ಅಲ್ಲಿನ ನರ್ಸ್ ರೋಜಾ ಹರಪನಹಳ್ಳಿ ಕಡೆಯವಳು. ಕೈ ಚುರುಕು, ಬಾಯಿ ಇನ್ನೂ ಚುರುಕು. ಮೊದಲು ಶುಗರ್ ನೋಡಿದಳು, ಇರಲಿಲ್ಲ. ಡಾಕ್ಟರನ್ನು ಕರೆದು ತೋರಿಸಿದಳು. ಗಾಯ ತೊಳೆಯುತ್ತ ತೊಳೆಯುತ್ತ ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದಳು. ಕುರಿಯ ಮಾತು ಎತ್ತಿದ್ದು ಪಾಲಮ್ಮ. ಕುರಿಗೆ ಮಾಯುವುದು ನನಗೇಕೆ ಮಾಯುವುದಿಲ್ಲ ಎಂದು ಮೆಲ್ಲಗೆ ಕೇಳಿದಳು.

ರೋಜಾ ಕೈ ನಿಲ್ಲಿಸಿ ಅವಳ ಮುಖ ನೋಡಿದಳು. "ಅಜ್ಜಿ, ಮುದಿ ಆಗೋವರ್ಗೂ ನೀವು ಯಾವ ಕುರಿ ಇಟ್ಕಂಡಿದೀರ ಹೇಳಿ. ಎಲ್ಲಾ ಪ್ರಾಯದಾಗೇ ಸಂತಿಗೆ ಹೋಗ್ತವೆ. ಮುದಿ ಕುರಿ ಗಾಯ ನಿಮ್ಮ ಹಟ್ಟಿಯೋರು ಯಾರೂ ನೋಡೇ ಇಲ್ಲ."

ಅದು ನಿಜವೆಂದು ನನಗೆ ಆಗ ಹೊಳೆಯಿತು. ತಲೆತಲಾಂತರದಿಂದ ಕುರಿಯ ಜೊತೆ ಬಾಳಿದ ಜನ, ಪ್ರಾಯದ ಚರ್ಮದ ಲೆಕ್ಕವನ್ನು ಮುದಿ ಚರ್ಮಕ್ಕೆ ಹಿಡಿದು ಒಬ್ಬಳನ್ನು ಪಾಪಿ ಮಾಡಿದ್ದರು. ಆಮೇಲೆ ರೋಜಾ ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಚರ್ಮ ಹೊದ್ದ ಬಟ್ಟೆಯ ಹಾಗೆ ಸುಮ್ಮನೆ ಕೂತಿರುವುದಿಲ್ಲ. ಅದರ ತಳದಲ್ಲಿ ಹೊಸ ಜೀವಕೋಶಗಳು ಹುಟ್ಟಿ, ಮೇಲಕ್ಕೆ ಸರಿಯುತ್ತ ಬಂದು, ಕೊನೆಗೆ ಉದುರುತ್ತವೆ. ಪ್ರಾಯದಲ್ಲಿ ಈ ಪಯಣಕ್ಕೆ ಒಂದು ತಿಂಗಳು ಸಾಕು, ಮುಪ್ಪಿನಲ್ಲಿ ಅದರ ಎರಡು ಪಟ್ಟು ಹಿಡಿಯಬಹುದು. ಗಾಯವಾದರೆ ಅಂಚಿನ ಕೋಶಗಳು ಹಿಡಿತ ಬಿಟ್ಟು, ಸುತ್ತಲಿಂದಲೂ ನಡುವಿಗೆ ತೆವಳಿಕೊಂಡು ಬಂದು ಬಾಯಿ ಮುಚ್ಚಬೇಕು. ಮುದಿ ಕೋಶಗಳು ಹೆಚ್ಚುವುದೂ ನಿಧಾನ, ತೆವಳುವುದೂ ನಿಧಾನ. ಕೆಲವು ಕೋಶಗಳಂತೂ ಕೆಲಸವನ್ನೂ ಮಾಡುವುದಿಲ್ಲ, ಸಾಯುವುದೂ ಇಲ್ಲ. ಸುಮ್ಮನೆ ಕೂತು ಅಕ್ಕಪಕ್ಕದವನ್ನೂ ಕೆಡಿಸುತ್ತವೆ. ಗಾಯದ ಕಸ ತೆಗೆಯಲು ರಕ್ತದಲ್ಲಿ ಬರುವ ಕೋಶಗಳು ತಡವಾಗಿ ಬರುತ್ತವೆ, ಬಂದ ಮೇಲೆ ಬೇಗ ಹೋಗುವುದಿಲ್ಲ. ಮೇಲಿನ ಪದರ, ಕೆಳಗಿನ ಪದರ ಪ್ರಾಯದಲ್ಲಿ ಒಂದರೊಳಗೊಂದು ಹಲ್ಲು ಕಚ್ಚಿ ಹಿಡಿದಿರುತ್ತವೆ. ವಯಸ್ಸಾದಂತೆ ಆ ಹಲ್ಲು ಸವೆದು ಮಟ್ಟವಾಗುತ್ತದೆ. ಅದಕ್ಕೇ ಒಂದು ಜಗ್ಗಿಗೆ ಚರ್ಮ ಸುಲಿದು ಬಂದದ್ದು.

ಹಾಗಾದರೆ ಮಾಯುವುದೇ ಇಲ್ಲವೇ ಎಂದೆ. ಮಾಯುತ್ತದೆ, ತಡವಾಗಿ ಮಾಯುತ್ತದೆ ಎಂದಳು. ಮೊಟ್ಟೆ, ಬೇಳೆ, ಹಾಲು ಹೊಟ್ಟೆಗೆ ಬೀಳಬೇಕು, ಗಾಯ ಒಣಗಿ ಬಿರಿಯದ ಹಾಗೆ ಪಟ್ಟಿ ಕಟ್ಟಬೇಕು, ಮತ್ತೆ ಮತ್ತೆ ಉಜ್ಜಬಾರದು. ಈ ಬಳೆಗಳು ಇರುವಷ್ಟು ದಿನ ರಾತ್ರಿ ಮುಂದೆ ತೆವಳಿದ ಕೋಶಗಳನ್ನು ಮರುದಿನ ಕಿತ್ತುಹಾಕುತ್ತವೆ. ಬಳೆ ಇವತ್ತೇ ತೆಗೆಯಬೇಕು, ಗಾಯ ಪೂರ್ತಿ ಮಾಯುವವರೆಗೆ ಆ ಕೈಗೆ ಏನೂ ಬೇಡ. ನಂಜು ಎಲುಬಿಗೆ ಇಳಿದರೆ ಕೈಯೇ ಹೋಗುತ್ತದೆ ಎಂದು ಡಾಕ್ಟರೂ ಹೇಳಿದರು.

ಪಾಲಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಪಟ್ಟಿ ಕಟ್ಟಿಸಿಕೊಂಡಳು, ಮಾತ್ರೆ ತೆಗೆದುಕೊಂಡಳು, ಬಳೆ ಮುಟ್ಟಗೊಡಲಿಲ್ಲ. ರೋಜಾ ಬೈದಳು, ನಾನೂ ಬೈದೆ. ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ. ಎಂದೋ ಬಿಟ್ಟು ಹೋದ ಗಂಡನಿಗಾಗಿ ಕೈ ಕಳೆದುಕೊಳ್ಳುತ್ತೀಯಾ ಎಂದೆ. ಅರಿಷಿಣದ ಕೊಂಬನ್ನು ದಾರಕ್ಕೆ ಕಟ್ಟಿ ತೋಳಿಗೆ ಹಾಕಿಕೋ, ಮುತ್ತೈದೆತನಕ್ಕೆ ಅದೇ ಸಾಕು, ದೋಷವಿಲ್ಲ ಎಂದೆ. ಹಟ್ಟಿಯಲ್ಲಿ ಇಳಿಸಿ, ಮಲಾರ ಕಟ್ಟಿಕೊಂಡು, ಸಿಟ್ಟಿನಲ್ಲಿ ಹೊರಟುಬಂದೆ.

ಎಳ್ಳಮಾವಾಸ್ಯೆ ಕಳೆದು ಚಂದನಾಳ ಫೋನ್ ಬಂತು. ಜ್ವರ, ಕೈ ಊದಿಕೊಂಡಿದೆ, ಆಸ್ಪತ್ರೆಯಲ್ಲಿ ಇಕ್ಕಳದಿಂದ ಬಳೆ ಕತ್ತರಿಸುತ್ತಾರಂತೆ, ಈಕೆ ಹೊರಡುವುದಿಲ್ಲ, ನಿನ್ನನ್ನೇ ಕರೆ ಅನ್ನುತ್ತಾಳೆ ಎಂದಳು. ಹೋದೆ. ಪಾಲಮ್ಮ ಕೋಣೆಯಲ್ಲಿ ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು. ಬಳೆಗಳು ಊತದಲ್ಲಿ ಕಚ್ಚಿಕೊಂಡಿದ್ದವು. ಆಟೋ ತರಲು ಚಂದನಾಳನ್ನು ಕಳಿಸಿ ನನಗೆ ಹತ್ತಿರ ಕೂರಲು ಹೇಳಿದಳು. ನಾನು ಮತ್ತೆ ಗಂಡನ ಮಾತು ತೆಗೆದೆ. ತಡೆದಳು.

"ಅವ್ರು ಇಲ್ಲ, ತಮ್ಮಾ. ತೀರ್ಕೊಂಡು ಬಾಳ ವರ್ಸ ಆತು. ಮೈಲಪ್ಪ ಬಂದು ಹೇಳಿ ಹೋಗ್ಯಾನ."

ಮೈಲಪ್ಪ ಚೌಡಣ್ಣನ ಜೊತೆ ಕುರಿ ಕಾಯುತ್ತಿದ್ದವನು. ಅವನೂ ಈಗಿಲ್ಲ. ರಾಯದುರ್ಗದ ಕಡೆ ಮತ್ತೆ ಹೋದಾಗ ಸುದ್ದಿ ತಿಳಿದು, ಬಂದು, ಕುರಿದೊಡ್ಡಿಯ ಬೇಲಿಯ ಬಳಿ ನಿಂತು ಹೇಳಿದ್ದನಂತೆ. ಪಾಲಮ್ಮ ಅವನಿಗೆ ರೊಟ್ಟಿ ಕೊಟ್ಟು, ಮೈಲಾರಲಿಂಗನ ಭಂಡಾರದ ಅರಿಷಿಣ ಮುಟ್ಟಿಸಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡಳಂತೆ. ಅಷ್ಟು ವರ್ಷ ನಾನು ಗಂಡ ಸತ್ತವಳಿಗೆ ಬಳೆ ಇಡಿಸಿದ್ದೆ. ಹಾಗೆ ಇಡಿಸಿದ ಬಳೆಗಾರನ ಮನೆಯಲ್ಲೇ ಬಳೆ ಒಡೆಯುತ್ತದೆ ಎಂಬ ನಂಬಿಕೆ ನಮ್ಮದು. ಮೊದಲು ನೆನಪಾದದ್ದು ನನ್ನ ಹೆಂಡತಿಯ ಕೈ. ಸಿಟ್ಟೂ ಬಂತು. ಯಾಕೆ ಮುಚ್ಚಿಟ್ಟೆ ಎಂದು ಜೋರಾಗಿಯೇ ಕೇಳಿದೆ.

"ಹೇಳಿದ್ರ ಬಳಿ ಒಡೀತಿದ್ರು. ಒಡದ ಮ್ಯಾಲ ನೀ ಯಾಕ ಈ ಬಾಗ್ಲಿಗೆ ಬರ್ತಿದ್ದಿ? ನೀ ಬರ್ಲಿ ಅಂತ ನಾನ ಒಳ್ಳಕಲ್ಲಿಗೆ ಬಡ್ಕೊಂಡು ಬಳಿ ಒಡ್ಕೊಂತಿದ್ದೆ. ನೀ ಬಿಟ್ರ ಈ ಕೈ ಹಿಡಿಯೋರು ಯಾರದಾರ ನನಗ?"

ಅವಳು ಹೇಳಿದ್ದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದೆ. ಎಲ್ಲ ಗೌರವ, ಎಲ್ಲ ಮಾತು ಇದ್ದ ಹಟ್ಟಿಯಲ್ಲಿ ಒಬ್ಬ ಹೆಂಗಸಿನ ಮೈ ಮುಟ್ಟುವವರು ಯಾರೂ ಇರಲಿಲ್ಲ. ಮಕ್ಕಳಿದ್ದರೆ ಕುತ್ತಿಗೆಗೆ ಬೀಳುತ್ತಿದ್ದವು, ಸ್ವಂತ ಸೊಸೆ ಇದ್ದರೆ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅವಳಿಗಿದ್ದದ್ದು ಮುಂದಿನ ಊರಿಗೆ ಹೊತ್ತಾಯಿತೆಂದು ಗೊಣಗುವ ಒಬ್ಬ ಬಳೆಗಾರ. ನನಗೆ ಬಹಳ ನೋವಾಯಿತು, ಅವಳಿಗಾಗಿಯೂ, ಯಾಕೋ ನನಗಾಗಿಯೂ.

ಎರಡೂ ಕೈಯವು ತೆಗೆ, ಆದರೆ ಒಡೆಯಬೇಡ ಎಂದಳು. ಕೈ ಮೇಲೆತ್ತಿ ಹಿಡಿದುಕೊಳ್ಳಲು ಹೇಳಿ, ತಣ್ಣೀರಿನ ಬಟ್ಟೆ ಸುತ್ತಿ ಊತ ಸ್ವಲ್ಪ ಇಳಿಯುವವರೆಗೆ ಕಾದೆ. ಆಟೋದವನು ಹೊರಗೆ ಹಾರ್ನ್ ಹೊಡೆಯುತ್ತಿದ್ದ, ಹೊಡೆಯಲಿ ಎಂದು ಬಿಟ್ಟೆ. ಗಾಯಕ್ಕೆ ತಾಗದ ಹಾಗೆ ಸೋಪಿನ ನೊರೆ ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಒಂದೊಂದೇ ಬಳೆಯನ್ನು ಗೆಣ್ಣು ದಾಟಿಸಿದೆ. ಈ ಸಲ ಅವಳಿಗೆ ನಿಜವಾಗಿಯೂ ನೋಯುತ್ತಿತ್ತು, ಆದರೆ ಮೆಲ್ಲಗೆ ಎನ್ನಲಿಲ್ಲ. ಕೊನೆಯ ಬಳೆಯ ಹತ್ತಿರ ಬಂದಾಗ ನನ್ನ ಕೈ ತಾನಾಗಿಯೇ ನಿಂತಿತು. ಅಪ್ಪ ಕಲಿಸಿದ್ದು ಮೈಯಲ್ಲಿ ಕೂತಿತ್ತು. ಪಾಲಮ್ಮ ಬೇರೆ ಕಡೆ ನೋಡಿದಳು. ಅದನ್ನೂ ತೆಗೆದೆ. ಬಳೆಗಳ ಅಡಿಯಲ್ಲಿದ್ದ ಚರ್ಮ ತೋಳಿನ ಉಳಿದ ಭಾಗಕ್ಕಿಂತ ಬೆಳ್ಳಗಿತ್ತು, ಸುಕ್ಕೂ ಕಡಿಮೆ ಇತ್ತು. ಬಿಸಿಲು ಅಷ್ಟಾಗಿ ಕಾಣದ ಜಾಗ ಅದು.

ಅಂದು ಸಂಜೆ ಆರೋಗ್ಯ ಕೇಂದ್ರದಿಂದ ಕೂಡ್ಲಿಗಿಯ ಆಸ್ಪತ್ರೆಗೆ ಕಳಿಸಿದರು. ಜ್ವರ ಇಳಿದು ವಾಪಸ್ಸು ಬಂದ ಮೇಲೆ, ಬರಿಗೈಯಲ್ಲಿ ಕೂತು, ಪಾಲಮ್ಮ ಮನೆಯವರಿಗೆ ತಾನೇ ಎಲ್ಲ ಹೇಳಿದಳಂತೆ. ಮೈಲಾರೇಶ ಕೂಗಾಡಿದ. ಇಷ್ಟು ವರ್ಷ ಸೂತಕ ಮುಚ್ಚಿಟ್ಟವಳು ಎಂದರು. ತಲೆಗೆ ನೀರು ಹಾಕಿಸಿ, ಮಾಡುವುದನ್ನೆಲ್ಲ ಮಾಡಿಸಿದರು. ಆಮೇಲೆ ಶುಭಕಾರ್ಯಕ್ಕೆ ಕರೆಯುವುದು ನಿಂತಿತು. ಆದರೂ ಚಂದನಾ ಬಿಡದೆ ಪಟ್ಟಿ ಕಟ್ಟಿಸಲು ಕರೆದುಕೊಂಡು ಹೋಗುತ್ತಿದ್ದಳು. ನಾನು ಹೋಗಲಿಲ್ಲ. ನನ್ನ ಹೆಂಡತಿ ಹೋಗಬೇಡವೆಂದು ಅತ್ತಿದ್ದಳು, ಅವಳ ಭಯ ನನ್ನದೂ ಆಗಿತ್ತು. ರೋಜಾಳಿಗೆ ಫೋನ್ ಮಾಡಿ ಕೇಳುತ್ತಿದ್ದೆ, ಅಷ್ಟೇ. ಅಂಚು ಸರಿಯುತ್ತಿದೆ, ಕೂದಲೆಳೆಯಷ್ಟು, ಅವಸರ ಮಾಡಬೇಡಿ ಎನ್ನುತ್ತಿದ್ದಳು. ಶಿವರಾತ್ರಿ ಹೊತ್ತಿಗೆ ನಡುವಿನಲ್ಲಿ ಕಡಲೆಕಾಳಿನಷ್ಟು ಉಳಿದಿದೆ ಎಂದಳು. ಆಮೇಲೆ ಒಂದು ದಿನ, ಮುಚ್ಚಿತು ಎಂದಳು.

ಯುಗಾದಿ ಮುಂದಿತ್ತು. ಚಂದನಾಳಿಗೆ ಬಳೆ ಬೇಕಿತ್ತು. ಹಟ್ಟಿಗೆ ಹೋದೆ. ಅವಳಿಗೆ, ಅಕ್ಕಪಕ್ಕದವರಿಗೆ ಇಡಿಸಿ ಮುಗಿಸಿ ಮಲಾರ ಹೆಗಲಿಗೆ ಹಾಕಿಕೊಂಡು ಹೊರಬಂದರೆ ಮುಂದಿನ ಬಾಗಿಲು ಪಾಲಮ್ಮನದು. ದಾಟಿ ಹೋಗಬೇಕಾದ ಬಾಗಿಲು. ಹೆಂಗಸರು ಹೊಸ ಬಳೆ ನೋಡಿಕೊಳ್ಳುತ್ತ ಅಂಗಳದಲ್ಲೇ ನಿಂತಿದ್ದರು. ಒಳಗೆ ಅವಳು ನೆಲ ನೋಡುತ್ತ ಕೂತಿದ್ದಳು. ನಾನು ಹೋಗುವ ಸದ್ದನ್ನು ಕಾಯುತ್ತಿದ್ದಾಳೆಂದು ಗೊತ್ತಾಯಿತು. ನಾನು ಧೈರ್ಯವಂತನೇನೂ ಅಲ್ಲ. ಆದರೂ ಅವಳ ಹೊಸ್ತಿಲಲ್ಲಿ ಮಲಾರ ಇಳಿಸಿ ಕೂತೆ. ಅಂಗಳದ ಹೆಂಗಸರು ಹೊಸ ಬಳೆ ಬಿಟ್ಟು ನನ್ನನ್ನೇ ನೋಡಿದರು.

ಇಲ್ಲಿ ಬಳೆ ಇಡಿಸಿಕೊಳ್ಳುವವರು ಯಾರೂ ಇಲ್ಲ, ತಿಳಿದೂ ಯಾಕೆ ಇಳಿಸಿದೆ ಎಂದು ಪಾಲಮ್ಮ ಸಣ್ಣ ದನಿಯಲ್ಲಿ ಗದರಿದಳು. ಬಳೆಗೆ ಬಂದಿಲ್ಲ, ಕೈ ನೋಡಲು ಬಂದೆ ಎಂದೆ.

ಎಡಗೈ ಚಾಚಿದಳು. ಗಾಯವಿದ್ದ ಕಡೆ ಹೊಸ ಚರ್ಮ ನುಣ್ಣಗೆ, ಹೊಳೆಯುತ್ತ, ಸ್ವಲ್ಪ ಕೆಂಪಗಿತ್ತು. ಎರಡೂ ಕೈಯಲ್ಲಿ ಹಿಡಿದು ಅದರ ಮೇಲೆ ಹೆಬ್ಬೆರಳಿಟ್ಟೆ. ಅವಳು ಕಣ್ಣು ಮುಚ್ಚಿದಳು, ಆಮೇಲೆ ತೆರೆದಳು.

"ಮುಟ್ಟಿದ್ದು ಗೊತ್ತಾಗವಲ್ದು, ತಮ್ಮಾ. ಅಲ್ಲಿ ಜಡ್ಡಗಟ್ಟಿದಂಗ ಐತಿ."

ಸ್ವಲ್ಪ ಒತ್ತಿದೆ. ಇಲ್ಲವೆಂದು ತಲೆಯಾಡಿಸಿದಳು. ಇನ್ನೂ ಸ್ವಲ್ಪ ಒತ್ತಿ, ಮೆಲ್ಲಗೆ ಸರಿಸಿದೆ. ಹೂಂ, ಈಗ ಗೊತ್ತಾಯಿತು ಎಂದಳು. ನಿಜವಾಗಿ ಗೊತ್ತಾಯಿತೋ, ನನ್ನ ಸಮಾಧಾನಕ್ಕೆ ಹೇಳಿದಳೋ, ನಾನು ಕೇಳಲಿಲ್ಲ. ಮುಂದಿನ ಊರಿಗೆ ಅವತ್ತು ಹೋಗಲಿಲ್ಲ.